ಮೇಟ್ರನ್ ಇಲ್ಲದ ಹೊತ್ತಿನಲ್ಲಿ

ಮೂರು ವರ್ಷದ ಹಿಂದಿನ ಮಾತು. ಒಂದು ಭಾನುವಾರ ಎರಡನೆಯ ಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೂ ನಮ್ಮ ಧರ್ಮಕೇಂದ್ರದ ಒಬ್ಬ ಹುಡುಗಿ ಗುರುನಿವಾಸದ ಜಗಲಿಯಲ್ಲಿ ಕಾದು ಕುಳಿತಿದ್ದಳು. ಪಟ್ಟಣದ ಒಂದು ಆಸ್ಪತ್ರೆಯಲ್ಲಿ ನರ್ಸ್. ರಾತ್ರಿಪಾಳಿ ಮುಗಿಸಿ ನೇರವಾಗಿ ಪೂಜೆಗೆ ಬಂದಿದ್ದಳು. ಕಣ್ಣು ಕೆಂಪಾಗಿತ್ತು, ನಿದ್ದೆಗೆಟ್ಟು ಹಾಗಾಗಿದೆ ಎಂದುಕೊಂಡೆ. ಆಕೆ ಹೇಳಿದ್ದನ್ನು ಇಲ್ಲಿ ಬರೆಯುತ್ತಿರುವುದು ಆಕೆಯ ಒಪ್ಪಿಗೆ ಪಡೆದೇ. ಅದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ, ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೇಳಿದ್ದು.

ಹಿಂದಿನ ವಾರ ಆರನೆಯ ಹಾಸಿಗೆಯವರಿಗೆ ಕೊಡಬೇಕಾದ ಇಂಜೆಕ್ಷನ್ನನ್ನು ಏಳನೆಯ ಹಾಸಿಗೆಯವರಿಗೆ ಕೊಟ್ಟುಬಿಟ್ಟಿದ್ದಳು. ಮೂವತ್ತು ಹಾಸಿಗೆಯ ವಾರ್ಡು, ರಾತ್ರಿಗೆ ಇಬ್ಬರೇ ನರ್ಸುಗಳು. ಅದೇ ಹೊತ್ತಿಗೆ ಇನ್ನೊಂದು ಮೂಲೆಯಲ್ಲಿ ಒಬ್ಬ ಮುದುಕರಿಗೆ ಉಸಿರಾಟ ಕಷ್ಟವಾಗಿತ್ತು. ಅವರನ್ನು ನೋಡಿ ಬಂದು ಸಿರಿಂಜು ಕೈಗೆತ್ತಿಕೊಂಡವಳು ಹಾಸಿಗೆ ತಪ್ಪಿದಳು. ತಪ್ಪು ಗೊತ್ತಾದ ಕೂಡಲೇ ಮೈಯೆಲ್ಲ ಬೆವರಿತಂತೆ. ಬೆಳಗಾಗುವವರೆಗೆ ಹತ್ತು ಸಲ ಹೋಗಿ ಆ ರೋಗಿಯ ನಾಡಿ ನೋಡಿದಳು, ಬಿ.ಪಿ. ನೋಡಿದಳು. ದೇವರ ದಯೆ, ಏನೂ ಆಗಲಿಲ್ಲ. ಆರನೆಯವರಿಗೆ ತಡವಾಗಿ ಅವರ ಔಷಧ ಕೊಟ್ಟಳು. ಆದರೆ ಯಾರಿಗೂ ಹೇಳಲಿಲ್ಲ. ವಾರ್ಡಿನ ಪುಸ್ತಕದಲ್ಲಿ ಬರೆಯಲೂ ಇಲ್ಲ.

“ಯಾಕಮ್ಮ ಹೇಳಲಿಲ್ಲ?” ಎಂದು ಕೇಳಿದೆ.

“ಹೇಳಿದರೆ ಏನಾಗುತ್ತೆ ಅಂತ ನೋಡಿದ್ದೀನಿ ಫಾದರ್.”

ಕೆಲವು ತಿಂಗಳ ಹಿಂದೆ ಅವಳ ಜೊತೆಯ ಹುಡುಗಿಯೊಬ್ಬಳು ಇಂಥದೇ ಒಂದು ತಪ್ಪನ್ನು ತಾನಾಗಿಯೇ ಹೋಗಿ ಒಪ್ಪಿಕೊಂಡಿದ್ದಳು. ವಾರ್ಡಿನ ಇನ್‌ಚಾರ್ಜ್ ಆಕೆಯನ್ನು ರೋಗಿಗಳ ಮತ್ತು ಅವರ ನೆಂಟರ ಎದುರೇ ನಿಲ್ಲಿಸಿ ಬೈದರು. ಮನೆಯಲ್ಲಿ ಕಲಿಸಿದ ಬುದ್ಧಿ ಇದೇನಾ ಎಂದು ತಾಯಿತಂದೆಯನ್ನೂ ಎಳೆದರು. ಒಂದು ತಿಂಗಳು ಬಿಡುವಿಲ್ಲದೆ ರಾತ್ರಿಪಾಳಿ ಹಾಕಿದರು, ಸಂಬಳದಲ್ಲೂ ಹಿಡಿದರು. “ಅವತ್ತಿನಿಂದ ನಮ್ಮ ವಾರ್ಡಿನಲ್ಲಿ ಯಾರೂ ತಪ್ಪೇ ಮಾಡಿಲ್ಲ ಫಾದರ್, ಬೇಕಾದರೆ ಪುಸ್ತಕ ನೋಡಿ” ಎಂದಳು. ಹಾಗೆನ್ನುವಾಗ ನಕ್ಕಳು, ಆ ನಗು ನನಗೆ ಹಿತವಾಗಲಿಲ್ಲ.

ನಾನು ಕಲಿತ ಪಾಠವನ್ನೇ ಹೇಳಿದೆ. ತಪ್ಪು ಕೈತಪ್ಪಿ ಆದದ್ದು, ಮುಚ್ಚಿಟ್ಟದ್ದು ಮಾತ್ರ ಬೇಕೆಂದೇ ಮಾಡಿದ್ದು. ಆ ಔಷಧ ಒಗ್ಗದ ದೇಹವಾಗಿದ್ದರೆ ಏನು ಗತಿ? ಹೋಗಿ ಡಾಕ್ಟರಿಗೆ ತಿಳಿಸಮ್ಮ ಎಂದೆ. ತಲೆ ತಗ್ಗಿಸಿ ಕೇಳಿದಳು. ಆಮೇಲೆ ತಲೆಯೆತ್ತಿ, “ಆಯ್ತು ಫಾದರ್, ಹೇಳ್ತೀನಿ. ಆದರೆ ನಮ್ಮ ಬಾಯಿ ಮುಚ್ಚಿಸಿದವರಿಗೆ ಯಾವ ಪಾಪವೂ ಇಲ್ಲವಾ?” ಎಂದು ಕೇಳಿದಳು.

ಗುರುಮಠದಲ್ಲಿ ತತ್ವಶಾಸ್ತ್ರ ಓದಿದವನು, ದೈವಶಾಸ್ತ್ರ ಓದಿದವನು, ಆ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಲಾಗಲಿಲ್ಲ. ಪೂಜೆಗೆ ಗಂಟೆ ಹೊಡೆದಂತೆ ನೆವ ಮಾಡಿ ಎದ್ದುಬಿಟ್ಟೆ. ತಡವಾಗಿ ಹೊಳೆದದ್ದನ್ನು ಈಗ ಬರೆಯುತ್ತಿದ್ದೇನೆ.

ಪ್ರಿಯ ಓದುಗರೇ, ನಮ್ಮ ಕುಟುಂಬಗಳಲ್ಲಿ ಮಗಳೋ ಸೊಸೆಯೋ ಅಕ್ಕನೋ ನರ್ಸಾಗಿಲ್ಲದ ಮನೆ ಕಡಿಮೆ. ಈಚೆಗೆ ಗಂಡುಮಕ್ಕಳೂ ಆ ಕೆಲಸಕ್ಕೆ ಹೋಗುತ್ತಿದ್ದಾರೆ. ಅವರ ದುಡಿಮೆಯನ್ನು ನಾವು ಸೇವೆ ಎನ್ನುತ್ತೇವೆ, ದೈವಕರೆ ಎನ್ನುತ್ತೇವೆ. ಪ್ರತಿವರ್ಷ ಮೇ 12ರಂದು ಅವರನ್ನು ದೇವಾಲಯದಲ್ಲಿ ಮುಂದೆ ಕರೆದು ಒಂದೊಂದು ಹೂವು ಕೊಡುತ್ತೇವೆ. ಸುಳ್ಳಲ್ಲ, ಅದು ದೈವಕರೆಯೇ. ಆದರೆ ಹಾಗೆಂದು ಹೇಳಿ ಹೇಳಿ ನಾವೊಂದು ಉಪಾಯ ಕಂಡುಕೊಂಡಿದ್ದೇವೆ. ಅವಳಲ್ಲಿ ಹುಮ್ಮಸ್ಸು ಇದ್ದರೆ ಅದು ಅವಳ ಪುಣ್ಯ. ಹುಮ್ಮಸ್ಸು ಆರಿದರೆ ಅದು ಅವಳ ದೋಷ. ಈಗಿನ ಹುಡುಗಿಯರಿಗೆ ಸೇವಾಮನೋಭಾವವೇ ಇಲ್ಲ ಎಂದು ಆಡಳಿತದವರು ಹೇಳುವುದನ್ನು ಎಷ್ಟು ಸಲ ಕೇಳಿದ್ದೇನೋ. ಆರಿಸಿದವರು ಯಾರು ಎಂದು ಕೇಳುವುದು ಅಪರೂಪ.

ಮೇ 12 ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರಲ್ಲಿ, 38 ದಾದಿಯರನ್ನು ಕರೆದುಕೊಂಡು ತುರ್ಕಿಯ ಸ್ಕುತಾರಿಯ ಸೈನಿಕ ಆಸ್ಪತ್ರೆಗೆ ಹೋದಾಕೆ. ಆ 38 ಜನರಲ್ಲಿ ಹತ್ತು ಮಂದಿ ನಮ್ಮ ಕಥೋಲಿಕ ಕನ್ಯಾಸ್ತ್ರೀಯರು. ಆಕೆಯ ಕೈಯ ದೀಪದ ಮೇಲೆ ನಾನು ಹಲವು ಪ್ರಸಂಗ ಮಾಡಿದ್ದೇನೆ. ಆಕೆ ಬರೆದದ್ದನ್ನು ಓದಿದ್ದು ಮಾತ್ರ ಈಚೆಗೆ. 1859ರಲ್ಲಿ ಶುಶ್ರೂಷೆಯ ಬಗ್ಗೆ ಆಕೆ ಬರೆದ ಪುಸ್ತಕದಲ್ಲಿ ಮೇಲ್ವಿಚಾರಣೆಗೆಂದೇ ಒಂದು ಅಧ್ಯಾಯವಿದೆ. ಅದರ ಸಾರ ಇಷ್ಟು: ನೀನು ಎದುರಿಗಿದ್ದಾಗ ಆಗುವ ಕೆಲಸ ನೀನು ಇಲ್ಲದಾಗಲೂ ಆಗುವಂತೆ ಏರ್ಪಡಿಸುವುದು ನಿನಗೆ ತಿಳಿಯದಿದ್ದರೆ ಉಳಿದ ಆರೈಕೆಯೆಲ್ಲ ಕೆಟ್ಟಂತೆಯೇ. ಹೊಣೆ ಹೊರುವುದೆಂದರೆ ತಾನು ಸರಿಯಾಗಿ ಮಾಡುವುದಷ್ಟೇ ಅಲ್ಲ, ಉಳಿದವರೂ ಸರಿಯಾಗಿ ಮಾಡುವಂತೆ ನೋಡಿಕೊಳ್ಳುವುದು.

ಎದುರಿಗೆ ಇಲ್ಲದಾಗ ಏನಾಗುತ್ತದೆ? ಇದನ್ನು ಅಳೆದು ನೋಡಿದವರಿದ್ದಾರೆ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕುರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಇಬ್ಬರು ಸಹಾಯಕರೊಂದಿಗೆ ಹತ್ತರ ಆಸುಪಾಸಿನ ಹುಡುಗರ ಪುಟ್ಟ ಪುಟ್ಟ ಸಂಘಗಳನ್ನು ಕಟ್ಟಿ, ನಾಟಕದ ಮುಖವಾಡ ಮಾಡುವಂಥ ಕೆಲಸ ಕೊಟ್ಟರು. ಒಂದು ಕಡೆ ಮುಂದಾಳು ಎಲ್ಲವನ್ನೂ ತಾನೇ ಅಪ್ಪಣೆ ಮಾಡುವನು. ಇನ್ನೊಂದು ಕಡೆ ಹುಡುಗರೊಂದಿಗೆ ಮಾತಾಡಿ ತೀರ್ಮಾನಿಸುವನು. ಮತ್ತೊಂದು ಕಡೆ ಸುಮ್ಮನೆ ಕುಳಿತಿರುವನು. ಅಪ್ಪಣೆಯ ಗುಂಪಿನಲ್ಲಿ ಕೆಲಸವೇನೋ ಭರದಿಂದ ಸಾಗಿತು. ಆದರೆ ಮುಂದಾಳು ಕೋಣೆಯಿಂದ ಹೊರಗೆ ಹೋದದ್ದೇ ತಡ, ಕೈಗಳು ನಿಂತವು. ಮಾತಾಡಿ ತೀರ್ಮಾನಿಸಿದ ಗುಂಪಿನಲ್ಲಿ ಆತ ಹೋದರೂ ಕೆಲಸ ನಡೆದೇ ಇತ್ತು. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಮೇಟ್ರನ್ ಇರುವುದಿಲ್ಲ. ರೋಗಿಗೆ ಬಾಯಾರುವುದು, ಭಯವಾಗುವುದು ಆಗಲೇ.

ನಮ್ಮ ಹುಡುಗಿಯ ಕಥೆಗೆ ಇನ್ನೂ ಹತ್ತಿರವಾದದ್ದು ಏಮಿ ಎಡ್ಮಂಡ್‌ಸನ್ ಎಂಬುವರು 1996ರಲ್ಲಿ ಪ್ರಕಟಿಸಿದ ಅಧ್ಯಯನ. ಎರಡು ಆಸ್ಪತ್ರೆಗಳ ಎಂಟು ವಿಭಾಗಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅವರು ನೋಡಿದರು. ಒಳ್ಳೆಯ ಮೇಲ್ವಿಚಾರಕಿ ಇರುವ, ಒಗ್ಗಟ್ಟಿನ ವಿಭಾಗದಲ್ಲಿ ತಪ್ಪು ಕಡಿಮೆ ಇರುತ್ತದೆಂದು ಅವರು ನಿರೀಕ್ಷಿಸಿದ್ದರು. ಲೆಕ್ಕ ಬಂದದ್ದು ಅದರ ತಿರುವುಮುರುವು: ಒಳ್ಳೆಯ ವಿಭಾಗಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚು! ಈ ಲೆಕ್ಕ ತಿಳಿಯದ ಇನ್ನೊಬ್ಬರನ್ನು ಕಳುಹಿಸಿ ವಾರ್ಡುಗಳನ್ನು ಗಮನಿಸಿದಾಗ ಕಾರಣ ಹೊರಬಿತ್ತು. ಅಲ್ಲಿ ತಪ್ಪು ಹೆಚ್ಚಾಗುತ್ತಿರಲಿಲ್ಲ. ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಬೇರೆ ಕಡೆ ಮುಚ್ಚಿಡುತ್ತಿದ್ದರು. “ಪುಸ್ತಕ ನೋಡಿ ಫಾದರ್” ಎಂದ ಹುಡುಗಿಗೆ ಈ ಅಧ್ಯಯನ ಓದಬೇಕಾದ ಅಗತ್ಯವೇ ಇರಲಿಲ್ಲ.

ಹಾಗಾದರೆ ಭಯವೇ ಬೇಡವೇ? ಇಲ್ಲಿ ಸಂತ ಥಾಮಸ್ ಅಕ್ವಿನಾಸರು ನೆನಪಾಗುತ್ತಾರೆ. ಭಯವೆಲ್ಲ ಒಂದೇ ಅಲ್ಲ ಎನ್ನುತ್ತಾರೆ ಅವರು. ದಾಸನ ಭಯವೊಂದು, ಮಗುವಿನ ಭಯವೊಂದು. ದಾಸನಿಗೆ ತನ್ನ ಬೆನ್ನಿನ ಮೇಲೆ ಬೀಳುವ ಏಟಿನ ಚಿಂತೆ. ಮಗುವಿಗೆ ತಾನು ಪ್ರೀತಿಸುವವರನ್ನು ನೋಯಿಸಿಬಿಟ್ಟೇನೋ ಎಂಬ ಚಿಂತೆ. ಆ ಮೊದಲನೆಯ ಭಯವನ್ನು ಸಹ ಅವರು ಪೂರ್ತಿಯಾಗಿ ಹೀಗಳೆಯುವುದಿಲ್ಲ. ಆರಂಭಕ್ಕೆ ಅದು ಉಪಯೋಗಕ್ಕೆ ಬರುತ್ತದೆ. ಅವರಿಗಿಂತ ಎಷ್ಟೋ ಹಿಂದೆ ಸಂತ ಅಗಸ್ಟೀನರು ಇದಕ್ಕೊಂದು ಹೋಲಿಕೆ ಕೊಟ್ಟಿದ್ದರು: ಭಯ ಸೂಜಿ, ಪ್ರೀತಿ ದಾರ. ಮೊದಲು ಸೂಜಿ ಹೋಗಬೇಕು, ಅದು ಹೊರಗೆ ಬಂದರೆ ತಾನೇ ಹಿಂದೆ ದಾರ ಬರುವುದು? ಕೆಲವು ವಾರ್ಡುಗಳಲ್ಲಿ ಸೂಜಿ ಬಟ್ಟೆಯಲ್ಲೇ ಉಳಿದುಬಿಟ್ಟಿರುತ್ತದೆ.

ಆ ರಾತ್ರಿ ನಮ್ಮ ಹುಡುಗಿಯಲ್ಲಿ ಎರಡು ಭಯಗಳೂ ಇದ್ದವು ಎಂಬುದನ್ನು ಗಮನಿಸಿ. ಹತ್ತು ಸಲ ಹೋಗಿ ನಾಡಿ ಮುಟ್ಟಿ ನೋಡಿದ್ದು ಮಗುವಿನ ಭಯ. ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದು ದಾಸನ ಭಯ. ಮೊದಲನೆಯದನ್ನು ಆಕೆ ಮನೆಯಿಂದಲೇ ತಂದಿದ್ದಳು, ತರಬೇತಿಯಲ್ಲಿ ಬೆಳೆಸಿಕೊಂಡಿದ್ದಳು. ಎರಡನೆಯದನ್ನು ಆ ವಾರ್ಡು ಕಲಿಸಿಕೊಟ್ಟಿತು.

ಇದನ್ನು ಓದಿ ಕಟ್ಟುನಿಟ್ಟೇ ತಪ್ಪು ಎನ್ನುತ್ತಿದ್ದೇನೆಂದು ತಿಳಿಯಬೇಡಿ. ನಾನು ಗುರುಮಠದಲ್ಲಿದ್ದಾಗ ಟೈಫಾಯಿಡ್ ಬಂದು ಹದಿನಾರು ದಿನ ಒಂದು ಆಸ್ಪತ್ರೆಯಲ್ಲಿ ಮಲಗಿದ್ದೆ. ಅಲ್ಲಿನ ಮೇಟ್ರನ್ ವಯಸ್ಸಾದ ಕನ್ಯಾಸ್ತ್ರೀ. ಗಿಡ್ಡ ಆಳು, ಗಟ್ಟಿ ದನಿ. ಅವರ ಚಪ್ಪಲಿಯ ಸದ್ದು ಕೇಳಿದರೆ ನರ್ಸುಗಳು ಮಾತ್ರವಲ್ಲ, ರೋಗಿಗಳೂ ಹೊದಿಕೆ ಸರಿಮಾಡಿಕೊಳ್ಳುತ್ತಿದ್ದರು. ಹಾಸಿಗೆಯ ಬಟ್ಟೆಯ ಮೂಲೆ ಸರಿಯಾಗಿ ಮಡಚದಿದ್ದರೆ ಬಿಚ್ಚಿ ಮತ್ತೆ ಹಾಸಿಸುತ್ತಿದ್ದರು. ಆದರೆ ಯಾವ ನರ್ಸನ್ನೂ ನಮ್ಮ ಎದುರು ಬೈದದ್ದನ್ನು ನಾನು ಕಾಣೆ. ಏನಾದರೂ ಇದ್ದರೆ, “ಸ್ವಲ್ಪ ಬಾ ಮಗಳೇ” ಎಂದು ಒಳಗೆ ಕರೆದೊಯ್ಯುತ್ತಿದ್ದರು. ಒಮ್ಮೆ ದೊಡ್ಡ ಡಾಕ್ಟರೊಬ್ಬರು ಒಬ್ಬ ಎಳೆಯ ನರ್ಸಿನ ಮೇಲೆ ಫೈಲು ಬಿಸಾಡಿ ಕೂಗಾಡಿದರು. ಈ ಮುದುಕಿ ಇಬ್ಬರ ನಡುವೆ ಹೋಗಿ ನಿಂತು, ಬಾಗಿ ಫೈಲನ್ನು ತಾವೇ ಎತ್ತಿ ಡಾಕ್ಟರ ಕೈಗೆ ಕೊಟ್ಟು, “ತಪ್ಪು ನಮ್ಮ ವಾರ್ಡಿನದು ಡಾಕ್ಟ್ರೇ, ನನಗೆ ಹೇಳಿ” ಎಂದರು. ಅಷ್ಟೇ. ವಾರ್ಡು ತಣ್ಣಗಾಯಿತು.

ಜ್ವರ ಏರಿದ್ದ ಒಂದು ರಾತ್ರಿ ನನಗೆ ವಾಂತಿಯಾಗಿ ಹಾಸಿಗೆಯೆಲ್ಲ ಹೊಲಸಾಯಿತು. ಆಯಾ ಊಟಕ್ಕೆ ಹೋಗಿದ್ದಳು, ನರ್ಸು ಇನ್ನೊಬ್ಬರ ಡ್ರಿಪ್ ಹಾಕುತ್ತಿದ್ದಳು. ಬಂದು ಬಳಿದವರು, ಒರೆಸಿದವರು, ಬಟ್ಟೆ ಬದಲಿಸಿದವರು ಆ ಮೇಟ್ರನ್. ಮರುದಿನ ಆ ನರ್ಸಿನ ಮುಖದಲ್ಲಿ ಅವಮಾನ ಇರಲಿಲ್ಲ; ನನ್ನ ಪಾಲಿನ ಕೆಲಸ ಅಮ್ಮ ಮಾಡಿಬಿಟ್ಟರಲ್ಲ ಎಂಬ ನಾಚಿಕೆ ಇತ್ತು. ಆ ನಾಚಿಕೆಗೂ ಸಂಬಳ ಹಿಡಿಯುತ್ತಾರೆಂಬ ಹೆದರಿಕೆಗೂ ಇರುವ ದೂರವನ್ನು ಯಾವ ಪುಸ್ತಕವೂ ನನಗೆ ಅಷ್ಟು ಚೆನ್ನಾಗಿ ತೋರಿಸಿಲ್ಲ. 1970ರಲ್ಲಿ ಅಮೆರಿಕದ ಒಂದು ಟೆಲಿಫೋನ್ ಕಂಪನಿಯಲ್ಲಿ ದುಡಿದು ನಿವೃತ್ತರಾಗಿದ್ದ ರಾಬರ್ಟ್ ಗ್ರೀನ್‌ಲೀಫ್ ಎಂಬುವರು, ಮುಂದಾಳು ಮೊದಲು ಸೇವಕನಾಗಿರಬೇಕು ಎಂದು ಒಂದು ಪ್ರಬಂಧ ಬರೆದರು. ಆಡಳಿತ ಕಲಿಸುವವರೆಲ್ಲ ಅದನ್ನು ಓದಿಸುತ್ತಾರೆ. ನಾವು ಪ್ರತಿವರ್ಷ ಪವಿತ್ರ ಗುರುವಾರ ಹನ್ನೆರಡು ಜನರ ಪಾದ ತೊಳೆದು ಟವೆಲು ಮಡಚಿಡುತ್ತೇವೆ. ಮರುವರ್ಷದವರೆಗೆ ಅದು ಮಡಚಿಯೇ ಇರುತ್ತದೆ.

ಇನ್ನು ಸುಮ್ಮನಿರುವ ಮುಂದಾಳಿನ ವಿಷಯ. ‘ಪಾಪ, ಒಳ್ಳೆಯವರು, ಯಾರಿಗೂ ಏನೂ ಅನ್ನೋದಿಲ್ಲ’ ಎಂದು ಹೆಸರು ಪಡೆದವರು. ಇವರ ವಾರ್ಡಿನಲ್ಲಿ ಮೈಗಳ್ಳರ ಪಾಲಿನ ಕೆಲಸ ಮನಸ್ಸಾಕ್ಷಿ ಇರುವವಳ ತಲೆಗೆ ಬರುತ್ತದೆ. ಹಬ್ಬದ ದಿನ ಯಾವಾಗಲೂ ಅವಳಿಗೇ ಡ್ಯೂಟಿ. ಎರಡು ವರ್ಷದಲ್ಲಿ ಅವಳೂ ಉಳಿದವರಂತಾಗುತ್ತಾಳೆ, ಇಲ್ಲವೇ ಬಿಟ್ಟುಹೋಗುತ್ತಾಳೆ. ಲೆವಿನ್ನರ ಹುಡುಗರಲ್ಲೂ ಹೇಳುವವರು ಕೇಳುವವರು ಇಲ್ಲದ ಗುಂಪಿನ ಕೆಲಸ ತೀರ ಸೊರಗಿತ್ತು. ಇದನ್ನು ಸೌಮ್ಯತೆ ಎನ್ನಲು ನನಗೆ ಮನಸ್ಸಿಲ್ಲ.

ಸಂಬಳದ ಮಾತು ಎತ್ತದೆ ಪ್ರೇರಣೆಯ ಮಾತಾಡುವುದು ಮೋಸವಾದೀತು. ಅದರಲ್ಲೂ ನಮ್ಮ ಧರ್ಮಸಭೆಯವರು. ನರ್ಸುಗಳ ಪಾಲಕರಾದ ಸಂತ ಕಮಿಲ್ಲಸರ ಕಥೆ ನಿಮಗೆ ಗೊತ್ತಿರಬಹುದು. 1550ರಲ್ಲಿ ಇಟಲಿಯಲ್ಲಿ ಹುಟ್ಟಿದ ಸಿಪಾಯಿ, ಜೂಜುಕೋರ. ಕಾಲಿನ ವಾಸಿಯಾಗದ ಹುಣ್ಣಿಗಾಗಿ ರೋಮಿನ ಸಂತ ಯಕೋಬರ ಆಸ್ಪತ್ರೆ ಸೇರಿ, ಅಲ್ಲೇ ಆಳಾಗಿ ದುಡಿದು, ಇಸ್ಪೀಟಿನ ಹುಚ್ಚಿನಿಂದ ಅಲ್ಲಿಂದ ಹೊರದಬ್ಬಿಸಿಕೊಂಡವರು. ಮನಪರಿವರ್ತನೆಯಾಗಿ ಮರಳಿ ಬಂದು ಮುಂದೆ ಅದೇ ಆಸ್ಪತ್ರೆಗೆ ಮೇಲ್ವಿಚಾರಕರಾದರು. ಕೂಲಿಗಾಗಿ ಮಾತ್ರ ದುಡಿಯುವವರ ಕೈಯಲ್ಲಿ ರೋಗಿಗಳು ಪಡುವ ಪಾಡನ್ನು ಕಂಡು, 1582ರಲ್ಲಿ, ಪ್ರೀತಿಯಿಂದ ಸೇವೆ ಮಾಡುವವರ ಒಂದು ಕೂಟ ಕಟ್ಟಬೇಕೆಂದು ನಿಶ್ಚಯಿಸಿದರು. ಅದೇ ಇಂದಿನ ಕಮಿಲಿಯನ್ ಸಭೆ. 1930ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸರು ಅವರನ್ನು ನರ್ಸುಗಳ ಪಾಲಕರೆಂದು ಸಾರಿದರು.

ಈ ಕಥೆಯಿಂದ ಕೆಲವರು ತೆಗೆಯುವ ನೀತಿ ವಿಚಿತ್ರವಾಗಿದೆ: ಪ್ರೀತಿ ಇದ್ದವರು ಸಂಬಳ ಕೇಳುವುದಿಲ್ಲ! ಕಮಿಲ್ಲಸರು ಪ್ರೀತಿಯನ್ನು ಮೊದಲು ಕೇಳಿದ್ದು ತಮ್ಮಿಂದ. ಮೇಲ್ವಿಚಾರಕರಾಗಿದ್ದರೂ ರೋಗಿಗಳನ್ನು ತಮ್ಮ ಒಡೆಯರೆಂದು ಕಂಡು ಅವರ ಮಂಚದ ಬಳಿ ಮೊಣಕಾಲೂರಿದವರು ಅವರು. ಇನ್ನೊಬ್ಬರ ಪಗಾರ ತಗ್ಗಿಸಿ ಆಸ್ಪತ್ರೆಗೆ ಹೊಸ ಕಟ್ಟಡ ಎಬ್ಬಿಸಿದವರಲ್ಲ. ಸಮಾರಿಯದ ದಯಾಳುವಿನ ಸಾಮತಿಯನ್ನೇ ನೋಡಿ. ಗಾಯಾಳುವನ್ನು ಛತ್ರಕ್ಕೆ ಕರೆತಂದು ಒಂದು ರಾತ್ರಿ ತಾನೇ ಆರೈಕೆ ಮಾಡಿದ. ಮರುದಿನ ಛತ್ರದವನ ಕೈಗೆ ಎರಡು ದಿನದ ಕೂಲಿಯಷ್ಟು ಹಣ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುವೆನೆಂದ. ಹಣ ಪಡೆದು ಆರೈಕೆ ಮಾಡಿದ ಆ ಛತ್ರದವನನ್ನು ಯೇಸುಸ್ವಾಮಿ ಕೂಲಿಯಾಳೆಂದು ಹಳಿಯಲಿಲ್ಲ.

2011-12ರಲ್ಲಿ ಕೇರಳದ ಖಾಸಗಿ ಆಸ್ಪತ್ರೆಗಳಲ್ಲಿ ನರ್ಸುಗಳು ಬೀದಿಗಿಳಿದರು. ಕಡಿಮೆ ಸಂಬಳ, ಬಾಂಡು ಬರೆಸಿಕೊಳ್ಳುವುದು, ಸರ್ಟಿಫಿಕೇಟು ಹಿಡಿದಿಟ್ಟುಕೊಳ್ಳುವುದು ಅವರ ದೂರುಗಳಾಗಿದ್ದವು. ಧರ್ಮಸಭೆಯ ಆಸ್ಪತ್ರೆಗಳೂ ಅವುಗಳಲ್ಲಿ ಇದ್ದವು. ಹೇಳಲು ನೋವಾದರೂ ಹೇಳಬೇಕು. 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, ಇನ್ನೂರಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸಿನ ಸಮಕ್ಕೆ ಕೊಡಬೇಕು ಎಂದು ಶಿಫಾರಸು ಮಾಡಿತು. ಅದು ಕಾಗದದಲ್ಲೇ ಉಳಿದ ಆಸ್ಪತ್ರೆಗಳು ಬಹಳ.

ಸಂಬಳ ಕೊಟ್ಟರೆ ಹುಮ್ಮಸ್ಸು ತಾನಾಗಿ ಬರುತ್ತದೆಯೇ? ಅದೂ ಇಲ್ಲ. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬುವರು 1959ರಲ್ಲಿ, ಇನ್ನೂರರಷ್ಟು ಇಂಜಿನಿಯರು ಮತ್ತು ಲೆಕ್ಕಿಗರನ್ನು ವಿಚಾರಿಸಿ ಹೇಳಿದ ಮಾತು ನನಗೆ ಸರಿಯೆನಿಸುತ್ತದೆ: ಸಂಬಳ, ಮೇಲಿನವರ ನಡವಳಿಕೆ ಇವು ಕೆಟ್ಟರೆ ಮನಸ್ಸು ಕೆಡುತ್ತದೆ, ಮನಸ್ಸು ಅರಳುವುದು ಮಾತ್ರ ತನ್ನ ಕೆಲಸ ಫಲಿಸಿತು, ಅದನ್ನು ಯಾರೋ ಗುರುತಿಸಿದರು ಎಂಬುದರಿಂದ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನರ್ಸುಗಳ ಬರ ಬಿದ್ದಾಗ, ಆಗಲೂ ಅವರು ಬಿಟ್ಟುಹೋಗದ 41 ಆಸ್ಪತ್ರೆಗಳನ್ನು ಅಲ್ಲಿನ ಶುಶ್ರೂಷಾ ಅಕಾಡೆಮಿ ಪರಿಶೀಲಿಸಿ 1983ರಲ್ಲಿ ವರದಿ ಕೊಟ್ಟಿತು. ಅಲ್ಲಿ ಕಂಡ ಒಂದು ಸಂಗತಿ, ನರ್ಸುಗಳ ಮುಖ್ಯಸ್ಥೆ ಕೈಗೆ ಸಿಗುವವಳು, ಮಾತು ಕೇಳುವವಳು. ತೀರ್ಮಾನಗಳಲ್ಲಿ ನರ್ಸುಗಳಿಗೂ ಪಾಲು. ಕೊಲ್ಲಿ ದೇಶಗಳಿಂದ, ಐರ್ಲೆಂಡಿನಿಂದ ರಜೆಗೆ ಬರುವ ನಮ್ಮ ಹೆಣ್ಣುಮಕ್ಕಳನ್ನು ಕೇಳಿದರೆ ಮೊದಲು ಹಣದ ಮಾತೇ ಬರುತ್ತದೆ, ನಿಜ. ಸ್ವಲ್ಪ ಹೊತ್ತು ಕುಳಿತರೆ ಬೇರೆ ಮಾತೂ ಬರುತ್ತದೆ.

ಈಗ ಆ ಹುಡುಗಿಯ ಪ್ರಶ್ನೆ. ಬಾಯಿ ಮುಚ್ಚಿಸಿದವರಿಗೆ ಪಾಪವಿಲ್ಲವೇ?

ಒಬ್ಬರ ಸಂಕಲ್ಪ ಇನ್ನೊಬ್ಬರ ಕೈಯಲ್ಲಿಲ್ಲ. ಮುಚ್ಚಿಟ್ಟವಳು ಅವಳೇ, ಇನ್‌ಚಾರ್ಜ್ ಅವಳ ಕೈ ಹಿಡಿದು ಪೆನ್ನು ಕಸಿದುಕೊಳ್ಳಲಿಲ್ಲ. ಭಯ ಹೊಣೆಯನ್ನು ಹಗುರ ಮಾಡೀತು, ಅಳಿಸದು. ಇಷ್ಟನ್ನು ನಾನು ಅಂದೇ ಹೇಳಿದ್ದೆ, ಈಗಲೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ನೀತಿಶಾಸ್ತ್ರದಲ್ಲಿ ಇನ್ನೊಂದು ಮಾತಿದೆ. ಇನ್ನೊಬ್ಬರು ನಡೆಯುವ ದಾರಿಯಲ್ಲಿ ಎಡವುಗಲ್ಲನ್ನಿಡುವುದೂ ಪಾಪವೇ. ಎಡವಿದವನು ಎಚ್ಚರ ತಪ್ಪಿದ್ದು ನಿಜವಾದರೂ ಕಲ್ಲು ಇಟ್ಟವನ ಲೆಕ್ಕ ಬೇರೆಯೇ ನಡೆಯುತ್ತದೆ. ಎಳೆಯರ ದಾರಿಗೆ ಅಡ್ಡಿಯಾಗುವವರ ಬಗ್ಗೆ ಯೇಸುಸ್ವಾಮಿ ಎಷ್ಟು ಖಾರವಾಗಿ ಮಾತಾಡಿದ್ದಾರೆಂದು ಶುಭಸಂದೇಶ ಓದುವವರಿಗೆಲ್ಲ ಗೊತ್ತು. ನಾವು ಆ ಮಾತನ್ನು ಕೆಟ್ಟ ಸಿನಿಮಾ, ಕೆಟ್ಟ ಸಹವಾಸಗಳಿಗೆ ಅನ್ವಯಿಸಿ ಮುಗಿಸುತ್ತೇವೆ. ನಿಜ ಹೇಳಿದರೆ ಒಂದು ತಿಂಗಳ ಸಂಬಳ ಹೋಗುತ್ತದೆ, ಸುಳ್ಳು ಹೇಳಿದರೆ ಏನೂ ಹೋಗುವುದಿಲ್ಲ ಎಂಬ ವ್ಯವಸ್ಥೆ ಮಾಡಿಟ್ಟವರು ಇಟ್ಟ ಕಲ್ಲನ್ನು ನಾವು ಕಾಣುವುದಿಲ್ಲ. ಏಕೆಂದರೆ ಅವರು ಬೆಳಿಗ್ಗೆ ಬೇಗ ಬರುತ್ತಾರೆ, ಲೆಕ್ಕ ಸರಿಯಿಡುತ್ತಾರೆ, ಪೂಜೆಗೂ ತಪ್ಪುವುದಿಲ್ಲ. ತಮ್ಮ ಅಧಿಕಾರವನ್ನು ಹೇಗೆ ನಡೆಸಿದೆವು ಎಂದು ಆತ್ಮಶೋಧನೆ ಮಾಡಿಕೊಳ್ಳಲು ನಾವು ಅವರಿಗೆ ಕಲಿಸಿಯೂ ಇಲ್ಲ.

ಅವರು ಎಂದೆ. ನಾನೂ ಒಬ್ಬ ಅಧಿಕಾರಿಯೇ. ಈ ಬರಹಕ್ಕೆ ಕುಳಿತ ವಾರವೇ ನಮ್ಮ ದೇವಾಲಯದಲ್ಲಿ ಸಂತ ಅಂತೋಣಿಯವರ ಸ್ವರೂಪದ ಮುಂದಿದ್ದ ಹೂದಾನಿಯನ್ನು ಸರಿಸಿದೆ. ಸಂತರ ಬಲಗೈ ಮಣಿಕಟ್ಟಿನಲ್ಲಿ ಮುರಿದಿತ್ತು. ಯಾರೋ ಫೆವಿಕಾಲ್ ಹಚ್ಚಿ ಸೊಟ್ಟಗೆ ಅಂಟಿಸಿದ್ದರು. ದೇವಾಲಯ ನೋಡಿಕೊಳ್ಳುವ ಅಜ್ಜನನ್ನು ಕೇಳಿದೆ. ಧೂಳು ಒರೆಸುವಾಗ ಕೈತಪ್ಪಿತಂತೆ, ಎಂಟು ತಿಂಗಳ ಹಿಂದೆ. “ಹೇಳಬಾರದಿತ್ತೇ ಅಜ್ಜ?” ಎಂದರೆ, “ನೀವು ಬೈತೀರಿ ಅಂತ ಸ್ವಾಮಿ” ಎಂದರು. ಎಂಟು ತಿಂಗಳು ಆ ಎಪ್ಪತ್ತರ ಮುದುಕರು ನನಗೆ ಹೆದರಿ ದಿನವೂ ಹೂದಾನಿಯನ್ನು ಅದೇ ಜಾಗಕ್ಕೆ ಎಳೆದಿಟ್ಟಿದ್ದರು.

ಆ ಹುಡುಗಿ ಡಾಕ್ಟರಿಗೆ ಹೇಳಿದಳು. ಬೈಗುಳ ತಿಂದಳು. ವರ್ಷದೊಳಗೆ ಬೇರೆ ಆಸ್ಪತ್ರೆಗೆ ಹೋದಳು. ಈಗ ಅಲ್ಲಿ ಆಕೆಯೇ ಒಂದು ವಾರ್ಡಿನ ಇನ್‌ಚಾರ್ಜ್. ಕಳೆದ ತಿಂಗಳು ಸಿಕ್ಕಿದಾಗ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ರಾತ್ರಿ ಮಾತ್ರೆ ಅದಲುಬದಲು ಮಾಡಿ, ಅಳುತ್ತ ತನಗೆ ಫೋನು ಮಾಡಿದ ಕಥೆ ಹೇಳಿದಳು.

“ಏನಂದೆ ಅವಳಿಗೆ?”

“ಮೊದಲು ಡ್ಯೂಟಿ ಡಾಕ್ಟರನ್ನ ಕರಿ, ನಾನೂ ಬರ್ತೀನಿ ಅಂದೆ ಫಾದರ್. ಹೋದೆ. ಪೇಷಂಟನ್ನ ನೋಡಿದ್ವಿ. ಆಮೇಲೆ ಇಬ್ಬರೂ ಕೂತು ಪುಸ್ತಕದಲ್ಲಿ ಬರೆದ್ವಿ.”

“ಬೈಯಲಿಲ್ಲವೇ?”

“ಬೈದೆ ಫಾದರ್, ಚೆನ್ನಾಗೇ ಬೈದೆ. ಬರೆದಾದ ಮೇಲೆ, ಒಳಗೆ ಕರೆದು.”